ಆಟದ ಕಾಠಿನ್ಯವೂ ಆಡುವವರ ಅಧಿಕಾರವೂ

ಕೃತಿಯೊಂದು ಯಾರಿಗಾಗಿ ರಚಿತವಾಗಿದೆಯೆಂಬ ಪ್ರಶ್ನೆಯು ನಮ್ಮ ವಿಮರ್ಶೆಗೆ ಹೊಸದಲ್ಲ. ಶಾಸ್ತ್ರಗ್ರಂಥಗಳು ತಮ್ಮ ಅಧಿಕಾರಿ ಯಾರು, ಎಂದರೆ ತಮ್ಮನ್ನು ಓದಲು ತಕ್ಕ ಯೋಗ್ಯತೆಯುಳ್ಳವನು ಯಾರು ಎಂಬುದನ್ನು ಆರಂಭದಲ್ಲಿಯೇ ಹೇಳಿಬಿಡುವುವು. ಕಾವ್ಯವು ಸಹೃದಯನನ್ನು ಅಪೇಕ್ಷಿಸುವುದು. ಆದರೆ ಅಧಿಕಾರವಿಲ್ಲದವನು ಗ್ರಂಥದ ಕೊನೆಯ ಪುಟವನ್ನು ತೆರೆದು ನೋಡುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಅರ್ಥವಾಗದಿದ್ದರೂ ಪುಟವು ತಿರುಗುತ್ತದೆ. ನಮ್ಮ ಕಾಲದ ಒಂದು ಕಲೆಯಲ್ಲಿ ಮಾತ್ರ ಹಾಗಲ್ಲ. ವಿಡಿಯೋ ಆಟದಲ್ಲಿ ಮೊದಲನೆಯ ಹಳ್ಳವನ್ನು ಹಾರಲಾರದವನಿಗೆ ಎರಡನೆಯ ಹಳ್ಳವು ಕಾಣಿಸುವುದೇ ಇಲ್ಲ. ಇಲ್ಲಿ ಕೃತಿಯೇ ಆಡುವವನನ್ನು ಪರೀಕ್ಷಿಸಿ, ತೇರ್ಗಡೆಯಾಗದವನಿಗೆ ತನ್ನ ಉಳಿದ ಭಾಗವನ್ನೆಲ್ಲ ಮುಚ್ಚಿಬಿಡುತ್ತದೆ. ಆದಕಾರಣ, ನಾನಾ ಬಗೆಯ ಸಾಮರ್ಥ್ಯವುಳ್ಳವರಿಗೆಲ್ಲ ಆಟವು ಸುಗಮವೂ ರಂಜಕವೂ ಆಗುವಂತೆ ಮಾಡುವುದು ಹೇಗೆಂಬುದು ಕೇವಲ ವ್ಯಾಪಾರದ ಪ್ರಶ್ನೆಯಲ್ಲ. ಕೃತಿಯ ಸ್ವರೂಪಕ್ಕೇ ಸೇರಿದ ಪ್ರಶ್ನೆ.

ಈ ವಿಷಯದಲ್ಲಿ ಎರಡು ಪಕ್ಷಗಳುಂಟು. ಕಾಠಿನ್ಯವೇ ಆಟದ ಜೀವ, ಅದನ್ನು ಸಡಿಲಿಸಿದರೆ ಕೃತಿಯು ಕೆಡುವುದೆಂದು ಒಂದು ಪಕ್ಷ. ಆಟವು ಮನೋರಂಜನೆಗಾಗಿರುವುದರಿಂದ ಯಾರನ್ನೂ ಹೊರಗಿಡಕೂಡದೆಂದು ಇನ್ನೊಂದು. ಇವುಗಳ ಬಲಾಬಲವನ್ನು ತೂಗುವ ಮೊದಲು ಕಾಠಿನ್ಯವು ಎಲ್ಲಿಂದ ಬಂದಿತೆಂಬುದನ್ನು ನೋಡಬೇಕು. ೧೯೭೮ರಲ್ಲಿ ಜಪಾನಿನಲ್ಲಿ ಹೊರಟ 'ಸ್ಪೇಸ್ ಇನ್ವೇಡರ್ಸ್', ೧೯೮೧ರ 'ಡಾಂಕಿ ಕಾಂಗ್' ಮೊದಲಾದುವು ನಾಣ್ಯ ಹಾಕಿ ಆಡುವ ಯಂತ್ರಗಳು. ಒಬ್ಬನೇ ಒಂದು ನಾಣ್ಯದಿಂದ ಗಂಟೆಗಟ್ಟಲೆ ಆಡುತ್ತ ನಿಂತರೆ ಯಂತ್ರದ ಒಡೆಯನಿಗೆ ನಷ್ಟ. ಹೀಗಾಗಿ ಬೇಗ ಬೇಗ ಏರುವ ಕಾಠಿನ್ಯವು ವ್ಯಾಪಾರಕ್ಕೆ ಅವಶ್ಯವಾಗಿದ್ದಿತು. ಮುಂದೆ ಆಟಗಳು ಮನೆಗೆ ಬಂದುವು. ಒಮ್ಮೆ ಬೆಲೆ ಕೊಟ್ಟು ಕೊಂಡವನಿಂದ ಮತ್ತೆ ನಾಣ್ಯವನ್ನು ಕೀಳಬೇಕಾದ ಕಾರಣವು ಹೋಯಿತು. ಕಾಠಿನ್ಯವು ಮಾತ್ರ ರೂಢಿಯ ಬಲದಿಂದ ಬಹುಕಾಲ ಉಳಿಯಿತು. ಆಟದ ಕಾಠಿನ್ಯದಲ್ಲಿ ಎಷ್ಟೋ ಅಂಶವು ಕಲೆಯ ಸೊತ್ತಲ್ಲ, ನಾಣ್ಯದ ಪೆಟ್ಟಿಗೆಯಿಂದ ಬಂದ ಬಳುವಳಿ.

ಹಾಗೆಂದು ಕಾಠಿನ್ಯವನ್ನು ಪೂರ್ತಿಯಾಗಿ ತೆಗೆದುಹಾಕಿದರೆ ಆಟವು ಉಳಿಯುವುದೆ? ಉಳಿಯದು. ಮನಶ್ಶಾಸ್ತ್ರಜ್ಞರಾದ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ ಅವರು ೧೯೭೫ರ ತಮ್ಮ ಗ್ರಂಥದಲ್ಲಿ, ಎದುರಿಗಿರುವ ಕಾರ್ಯವು ಶಕ್ತಿಗೆ ಮೀರಿದರೆ ಆತಂಕವೂ, ಶಕ್ತಿಗಿಂತ ಬಹಳ ಕಡಿಮೆಯಾದರೆ ಬೇಸರವೂ ಉಂಟಾಗುವುದೆಂದೂ, ಇವೆರಡರ ನಡುವಣ ಪಟ್ಟಿಯಲ್ಲಿ ಮನುಷ್ಯನು ಮೈಮರೆತು ತನ್ಮಯನಾಗುವನೆಂದೂ ತೋರಿಸಿದರು. ೨೦೦೬ರಲ್ಲಿ ಜೆನೋವಾ ಚೆನ್ ಅವರು ತಮ್ಮ ಪ್ರಬಂಧದಲ್ಲಿ ಈ ತತ್ತ್ವವನ್ನು ವಿಡಿಯೋ ಆಟಗಳಿಗೆ ಅನ್ವಯಿಸಿದರು. ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ, ಈ ಪಟ್ಟಿಯು ಎಲ್ಲರಿಗೂ ಒಂದೇ ಎಡೆಯಲ್ಲಿ ಇರುವುದಿಲ್ಲ. ಒಬ್ಬನಿಗೆ ಬೇಸರ ತರುವ ಕಾರ್ಯವು ಇನ್ನೊಬ್ಬನಿಗೆ ಆತಂಕವನ್ನು ತರುವುದು. ಹೀಗಿರಲು, ಕರ್ತೃವು ತನ್ನ ಕೈಯ ಅಳತೆಯಿಂದ ಕಾಠಿನ್ಯವನ್ನು ನಿಲ್ಲಿಸಿದರೆ, ಅವನು ಉದ್ದೇಶಿಸಿದ ತನ್ಮಯತೆಯು ಅವನ ಸಮಾನರಿಗೆ ಮಾತ್ರ ದೊರೆಯುವುದು.

ಈ ತೊಡಕಿಗೆ ಪರಿಹಾರವಾಗಿ ಹುಟ್ಟಿದ ಉಪಾಯಗಳಲ್ಲಿ ಮೊದಲನೆಯದು ಕೃತಿಯ ಕಟ್ಟಿನಲ್ಲಿಯೇ ಪಾಠವನ್ನು ಅಡಗಿಸುವುದು. ೧೯೮೫ರಲ್ಲಿ ನಿಂಟೆಂಡೊ ಸಂಸ್ಥೆಯಿಂದ ಹೊರಟ 'ಸೂಪರ್ ಮಾರಿಯೊ ಬ್ರದರ್ಸ್' ಇದಕ್ಕೆ ಶ್ರೇಷ್ಠವಾದ ನಿದರ್ಶನ. ಶಿಗೆರು ಮಿಯಾಮೊಟೊ, ತಕಾಶಿ ತೆಜುಕಾ ಇವರು ಇದರ ಕರ್ತೃಗಳು. ಆಟವು ಆರಂಭವಾದಾಗ ಮಾರಿಯೊ ತೆರೆಯ ಎಡಗಡೆ ಬಲಕ್ಕೆ ಮುಖಮಾಡಿ ನಿಂತಿರುತ್ತಾನೆ, ಮುಂದೆ ಬಯಲು. ಎತ್ತ ಹೋಗಬೇಕೆಂಬುದನ್ನು ಅಕ್ಷರದಲ್ಲಿ ಬರೆದಿಲ್ಲ. ಸ್ವಲ್ಪ ನಡೆದೊಡನೆ ಗೂಂಬಾ ಎಂಬ ಪ್ರಾಣಿಯು ಎದುರಾಗಿ ಬರುವುದು; ತಾಗಿದರೆ ಸಾವು, ಹಾರಿ ಅದರ ಮೇಲೆ ಬಿದ್ದರೆ ಜಯ. ಮಿನುಗುವ ಇಟ್ಟಿಗೆಯನ್ನು ಕೆಳಗಿನಿಂದ ಗುದ್ದಿದರೆ ಅಣಬೆಯೊಂದು ಹೊರಬಿದ್ದು ಬಲಕ್ಕೆ ಜಾರಿ, ಕೊಳವೆಗೆ ತಾಗಿ, ಮಾರಿಯೊವಿನ ಕಡೆಗೇ ಹಿಂದಿರುಗುತ್ತದೆ. ಅದೂ ಶತ್ರುವೆಂದು ಬಗೆದು ಹಾರಲೆಳಸಿದರೆ ಮೇಲಣ ಇಟ್ಟಿಗೆಗಳು ಅಡ್ಡವಾಗುವುವು. ಅಣಬೆಯು ತಾಗುತ್ತದೆ, ಮಾರಿಯೊ ದೊಡ್ಡವನಾಗುತ್ತಾನೆ. ಅಣಬೆಯು ಹಿತವೆಂಬ ಪಾಠವು ಹೀಗೆ ಆಯಿತು. ಇದೇ ಘಟ್ಟದ ಕೊನೆಯ ಕಡೆಗೆ ಎರಡು ಮೆಟ್ಟಿಲ ಸಾಲುಗಳ ನಡುವೆ ಒಂದು ತಗ್ಗು ಬರುವುದು. ಅದರ ತಳದಲ್ಲಿ ನೆಲವಿದೆ, ಬಿದ್ದರೂ ಹಾನಿಯಿಲ್ಲ. ಅನಂತರ ಅದೇ ಆಕಾರದ ತಗ್ಗು ಮತ್ತೆ ಬರುವುದು, ಅದಕ್ಕೆ ತಳವಿಲ್ಲ. ಬಾಲಶಿಕ್ಷೆಯ ಪುಸ್ತಕವನ್ನು ರಚಿಸುವವರು ಈ ಕ್ರಮವನ್ನು ನೋಡಿ ಕಲಿಯಬಹುದು.

ಆದರೆ ಈ ಉಪಾಯಕ್ಕೂ ಒಂದು ಎಲ್ಲೆಯುಂಟು. ಆಡುವವನ ಕಷ್ಟದಲ್ಲಿ ಎರಡು ಬಗೆ: ಅರಿಯದೆ ಬರುವ ಕಷ್ಟ, ಅರಿತೂ ಮಾಡಲಾರದೆ ಬರುವ ಕಷ್ಟ. ಮಿಯಾಮೊಟೊ ಅವರ ರಚನೆಯು ಮೊದಲನೆಯದನ್ನು ನೀಗುವುದು. ಎರಡನೆಯದು ಹಾಗೆಯೇ ಉಳಿಯುವುದು. ತಗ್ಗಿಗೆ ತಳವಿಲ್ಲವೆಂದು ಚೆನ್ನಾಗಿ ತಿಳಿದಿದ್ದರೂ, ಬೆರಳು ತಕ್ಕ ಕ್ಷಣದಲ್ಲಿ ಗುಂಡಿಯನ್ನು ಒತ್ತದಿದ್ದರೆ ಆ ತಿಳಿವಳಿಕೆಯಿಂದ ಏನು ಫಲ?

ಎರಡನೆಯ ಉಪಾಯವು ಈ ಅಶಕ್ತಿಯನ್ನು ಗುಟ್ಟಾಗಿ ತುಂಬಿಕೊಡುವುದು. ೨೦೦೫ರಲ್ಲಿ ಹೊರಟ ಕ್ಯಾಪ್‌ಕಾಮ್ ಸಂಸ್ಥೆಯ 'ರೆಸಿಡೆಂಟ್ ಈವಿಲ್ ೪' ಎಂಬ ಭಯಾನಕ ಆಟದಲ್ಲಿ, ಆಡುವವನು ಮತ್ತೆ ಮತ್ತೆ ಸೋತರೆ ಶತ್ರುಗಳ ಉಗ್ರತೆಯು ತಾನಾಗಿ ತಗ್ಗುವುದು. ಚೆನ್ನಾಗಿ ಆಡಿದರೆ ಏರುವುದು. ಆಡುವವನಿಗೆ ಇದರ ಸುಳಿವೇ ಇರುವುದಿಲ್ಲ. ೧೯೯೨ರಿಂದ ನಡೆದುಬಂದಿರುವ 'ಮಾರಿಯೊ ಕಾರ್ಟ್' ಪಂದ್ಯಗಳಲ್ಲಿ ಹಿಂದೆ ಬಿದ್ದವನಿಗೆ ಹೆಚ್ಚು ಪ್ರಬಲವಾದ ಸಾಧನಗಳು ದೊರೆಯುವ ಸಂಭವವಿದೆ. ಇದರಿಂದ ಮಗುವೂ ಪಳಗಿದವನೂ ಒಂದೇ ಪಂದ್ಯದಲ್ಲಿ ಕೂಡಿ ನಗಬಹುದು. ಇದು ಸಣ್ಣ ಲಾಭವಲ್ಲ. ಆದರೂ ಗುಟ್ಟಿನ ಸಹಾಯದಲ್ಲಿ ಒಂದು ಕೊರತೆಯುಂಟು. ತನ್ನ ಕೈ ಪಳಗಿದ್ದರಿಂದ ಗೆದ್ದೆನೋ, ಯಂತ್ರವು ಕನಿಕರಿಸಿದ್ದರಿಂದ ಗೆದ್ದೆನೋ ಎಂಬುದು ಗೆದ್ದವನಿಗೆ ತಿಳಿಯದು. ಭಯಾನಕದಲ್ಲಿ ಇದು ಒಪ್ಪಬಹುದು, ಏಕೆಂದರೆ ಅಲ್ಲಿ ಬೇಕಾದದ್ದು ಭಯವೇ ಹೊರತು ಸಾಧನೆಯ ಅರಿವಲ್ಲ. ಸಾಧನೆಯೇ ಕೃತಿಯ ವಸ್ತುವಾದಾಗ ಗುಟ್ಟಿನ ಸಹಾಯವು ವಸ್ತುವನ್ನೇ ಸುಳ್ಳುಮಾಡುವುದು.

ಈ ದೃಷ್ಟಿಯಿಂದ ೨೦೧೮ರ ಜನವರಿಯಲ್ಲಿ ಪ್ರಕಟವಾದ 'ಸೆಲೆಸ್ಟ್' ಎಂಬ ಆಟವು ವಿಶೇಷ ವಿಚಾರಕ್ಕೆ ಅರ್ಹವಾಗಿದೆ. ಮ್ಯಾಡಿ ಥಾರ್ಸನ್, ನೋಯೆಲ್ ಬೆರಿ ಇವರು ಕೆಲವರೊಡಗೂಡಿ ರಚಿಸಿದ ಈ ಆಟದಲ್ಲಿ ಮ್ಯಾಡಲೀನ್ ಎಂಬ ತರುಣಿಯೊಬ್ಬಳು ಸೆಲೆಸ್ಟ್ ಎಂಬ ಪರ್ವತವನ್ನು ಏರಲು ಹೊರಡುತ್ತಾಳೆ. ಅವಳನ್ನು ಕಾಡುವುದು ಬಂಡೆಗಳಿಗಿಂತ ಹೆಚ್ಚಾಗಿ ಅವಳ ಮನಸ್ಸಿನ ಆತಂಕ. ಅದೇ ಅವಳ ಪ್ರತಿರೂಪವಾಗಿ ಎದುರು ನಿಂತು ಹಂಗಿಸುತ್ತದೆ, ಅಟ್ಟಿಸಿಕೊಂಡು ಬರುತ್ತದೆ. ಹಾರುವುದು, ಗೋಡೆಯನ್ನು ಹಿಡಿದೇರುವುದು, ಗಾಳಿಯಲ್ಲಿ ಒಮ್ಮೆ ಮುನ್ನುಗ್ಗುವುದು: ಇಷ್ಟೇ ಅವಳ ಸಾಧನ. ಆಟವು ಬಹು ಕಠಿನ. ಇಲ್ಲಿ ಕಾಠಿನ್ಯವು ನಾಣ್ಯದ ಪೆಟ್ಟಿಗೆಯ ಬಳುವಳಿಯಲ್ಲ. ಅದೇ ಕಥೆಯ ಅರ್ಥ. ಹತ್ತುವವಳ ಬಳಲಿಕೆಯು ಆಡುವವನ ಬೆರಳುಗಳಲ್ಲಿಯೂ ಉಂಟಾಗಬೇಕೆಂಬುದೇ ರಚನೆಯ ಗುರಿ. ಸಡಿಲಿಸಿದರೆ ಕೆಡಬಹುದಾದ ಕೃತಿ ಯಾವುದಾದರೂ ಇದ್ದರೆ ಇದೇ.

ಕರ್ತೃಗಳು ಇದನ್ನು ಹೇಗೆ ನಿರ್ವಹಿಸಿದ್ದಾರೆಂಬುದು ನೋಡತಕ್ಕದ್ದು. ಮೊದಲನೆಯದಾಗಿ, ಎಲ್ಲರಿಗೂ ಸಮಾನವಾದ ಕೆಲವು ರಿಯಾಯಿತಿಗಳಿವೆ. ಅಂಚನ್ನು ದಾಟಿದ ಮೇಲೆಯೂ ಅತ್ಯಲ್ಪಕಾಲ ಹಾರಲು ಅವಕಾಶವುಂಟು. ನೆಲಕ್ಕೆ ತಾಗುವ ತುಸು ಮುಂಚೆಯೇ ಗುಂಡಿಯನ್ನು ಒತ್ತಿದರೆ, ತಾಗಿದೊಡನೆ ಹಾರಿಕೆಯು ಸಲ್ಲುವುದು. ತಲೆಯು ಮೂಲೆಗೆ ತಾಗಿದರೆ ದೇಹವು ಕೊಂಚ ಪಕ್ಕಕ್ಕೆ ಸರಿದು ಮೇಲೇರುವುದು. ಇವು ರೆಸಿಡೆಂಟ್ ಈವಿಲಿನ ಕನಿಕರದಂತಲ್ಲ; ಸೋತವನು, ಗೆದ್ದವನು ಎಂದು ನೋಡಿ ಬದಲಾಗುವುದಿಲ್ಲ. ಆಡುವವನ ಅಭಿಪ್ರಾಯವನ್ನು ಗ್ರಹಿಸಿ ಬೆರಳಿನ ಸಣ್ಣ ತಪ್ಪನ್ನು ಮನ್ನಿಸುವ ಸೌಜನ್ಯ ಮಾತ್ರ. ಎರಡನೆಯದಾಗಿ, ಸತ್ತರೆ ಅದೇ ಚೌಕಟ್ಟಿನ ಆರಂಭದಲ್ಲಿ ಕ್ಷಣಮಾತ್ರದಲ್ಲಿ ಮತ್ತೆ ಹುಟ್ಟು. ಸಾವುಗಳ ಲೆಕ್ಕವನ್ನು ಆಟವು ಇಡುತ್ತದೆ. ಆದರೆ ಆ ಲೆಕ್ಕವು ಕಲಿತದ್ದರ ಗುರುತು, ನಾಚಬೇಕಾದದ್ದಲ್ಲ ಎಂದು ತಾನೇ ಸಮಾಧಾನ ಹೇಳುತ್ತದೆ. ಮೂರನೆಯದಾಗಿ, ಪಳಗಿದವರಿಗೆಂದು ದಾರಿಯ ಪಕ್ಕದ ದುರ್ಗಮಸ್ಥಳಗಳಲ್ಲಿ ಸ್ಟ್ರಾಬೆರಿ ಹಣ್ಣುಗಳಿವೆ, ಹೆಚ್ಚು ಕಠಿನವಾದ ಪಾಠಾಂತರದಂತಹ ಘಟ್ಟಗಳೂ ಇವೆ. ಅವುಗಳನ್ನು ಬಿಟ್ಟು ನಡೆದರೂ ಶಿಖರವು ದೊರೆಯುವುದು.

ಇಷ್ಟರಿಂದಲೂ ಸಾಗಲಾರದವರಿಗಾಗಿ 'ಅಸಿಸ್ಟ್ ಮೋಡ್' ಎಂಬ ಬಹಿರಂಗವಾದ ಏರ್ಪಾಡಿದೆ. ಆಟದ ವೇಗವನ್ನು ನೂರರಿಂದ ಐವತ್ತಕ್ಕೆ, ಹತ್ತು ಹತ್ತರಂತೆ, ಇಳಿಸಿಕೊಳ್ಳಬಹುದು. ಗೋಡೆ ಹಿಡಿವ ಬಲವು ಕುಂದದಂತೆ ಮಾಡಿಕೊಳ್ಳಬಹುದು. ಗಾಳಿಯಲ್ಲಿ ಮುನ್ನುಗ್ಗುವ ಸಲವನ್ನು ಹೆಚ್ಚಿಸಿಕೊಳ್ಳಬಹುದು. ಕಡೆಗೆ ಸಾವೇ ಇಲ್ಲದಂತೆ ಮಾಡಿಕೊಳ್ಳಬಹುದು. ಸುಲಭ, ಮಧ್ಯಮ, ಕಠಿನವೆಂದು ಮೂರು ಕಟ್ಟುಗಳನ್ನು ಮುಂದಿಟ್ಟು ಒಂದನ್ನು ಆರಿಸೆನ್ನುವ ಹಳೆಯ ಪದ್ಧತಿಗಿಂತ ಇದು ಮೇಲು. ಆ ಪದ್ಧತಿಯು ಆಡುವುದಕ್ಕೆ ಮೊದಲೇ ಯೋಗ್ಯತೆಯನ್ನು ನಿರ್ಣಯಿಸಬೇಕೆನ್ನುತ್ತದೆ. ಇಲ್ಲಿ ಎಡವಿದ ಕಡೆಯಲ್ಲಿ, ಎಡವಿದ ಕಾರಣಕ್ಕೆ ತಕ್ಕಷ್ಟೇ ಆಸರೆ. ಬೆರಳು ನಿಧಾನವಾದವನು ವೇಗವನ್ನು ಮಾತ್ರ ತಗ್ಗಿಸಿದರೆ ಚಿಂತಿಸಬೇಕಾದ ಕೆಲಸವೆಲ್ಲ ಅವನಿಗೇ ಉಳಿಯುವುದು. ಆಸರೆಯನ್ನು ತಾನೇ ಕೇಳಿ ಪಡೆದಿರುವುದರಿಂದ, ತಾನು ಮಾಡಿದ್ದೆಷ್ಟೆಂಬುದು ಅವನಿಗೆ ಸ್ಪಷ್ಟವಾಗಿ ತಿಳಿದಿರುತ್ತದೆ.

ಇದಕ್ಕೆ ಇಟ್ಟ ಹೆಸರಿನ ವಿಚಾರವೂ ಮುಖ್ಯ. ರಚನೆಯ ಕಾಲದಲ್ಲಿ ಇದನ್ನು 'ಮೋಸದ ಕ್ರಮ' ಎಂಬರ್ಥದ ಹೆಸರಿನಿಂದ ಕರೆಯುತ್ತಿದ್ದು, ಅದರಲ್ಲಿ ತೀರ್ಪುಕೊಡುವ ಧ್ವನಿಯಿದೆಯೆಂದು ಬಿಟ್ಟುಕೊಟ್ಟುದಾಗಿ ಥಾರ್ಸನ್ ಅವರೇ ಹೇಳಿದ್ದಾರೆ. ಹೀಗಿದ್ದೂ ಮೊದಲಲ್ಲಿ ಇದರ ಪೀಠಿಕೆಯು, ಮೊದಲ ಸಲವಾದರೂ ಸಹಾಯವಿಲ್ಲದೆ ಆಡಿರೆಂದು ಶಿಫಾರಸು ಮಾಡುತ್ತಿದ್ದಿತು. ಅನಂತರ ಅದನ್ನು ತಿದ್ದಿ ಮೃದುಗೊಳಿಸಿದರು. ಈ ತಿದ್ದುಪಡಿಯು ಉಚಿತವೇ ಆಯಿತು. ಬಾಗಿಲನ್ನು ತೆರೆದಿಟ್ಟು, ಒಳಗೆ ಬರುವವನ ಮುಖವನ್ನು ಸಂದೇಹದಿಂದ ನೋಡುವ ಆತಿಥ್ಯವು ಆತಿಥ್ಯವಲ್ಲ.

ಇನ್ನು ಪೂರ್ವಪಕ್ಷ. ೨೦೧೯ರ ಮಾರ್ಚಿಯಲ್ಲಿ ಫ್ರಮ್‌ಸಾಫ್ಟ್‌ವೇರ್ ಸಂಸ್ಥೆಯ 'ಸೆಕಿರೊ' ಹೊರಟಾಗ ಈ ವಾದವು ತೀವ್ರವಾಯಿತು. ಕತ್ತಿಗೆ ಕತ್ತಿಯನ್ನು ಸರಿಯಾದ ಕ್ಷಣದಲ್ಲಿ ಒಡ್ಡುವುದೇ ಇದರ ಸಾರ. ಕಾಠಿನ್ಯವನ್ನು ತಗ್ಗಿಸುವ ಆಯ್ಕೆಯೇ ಇದರಲ್ಲಿಲ್ಲ. ನಿರ್ದೇಶಕರಾದ ಹಿದೆತಾಕಾ ಮಿಯಾಜಾಕಿ ಅವರ ಅಭಿಪ್ರಾಯದ ತಾತ್ಪರ್ಯವೇನೆಂದರೆ, ಆಡಿದವರೆಲ್ಲರೂ ಒಂದೇ ಕಷ್ಟವನ್ನು ಕಂಡರೆ ಅವರ ಸಂವಾದಕ್ಕೂ ಸಂತೋಷಕ್ಕೂ ಸಮಾನವಾದ ನೆಲೆಯಿರುವುದು. ಇದು ತಳ್ಳಿಹಾಕತಕ್ಕ ಮಾತಲ್ಲ. ಆದರೆ ಒಂದೇ ಹಳ್ಳವು ಎಲ್ಲರಿಗೂ ಒಂದೇ ಕಷ್ಟವೆ? ಚುರುಕುಗೈಯವನಿಗೆ ಹತ್ತನೆಯ ಪ್ರಯತ್ನದಲ್ಲಿ ಸಾಧ್ಯವಾದದ್ದು ನಡುಗುಗೈಯವನಿಗೆ ಸಾವಿರದಲ್ಲಿಯೂ ಸಾಧ್ಯವಾಗದಿದ್ದರೆ, ಅವರಿಬ್ಬರ ನಡುವೆ ಸಮಾನವಾಗಿರುವುದು ಹಳ್ಳವೇ ಹೊರತು ಅನುಭವವಲ್ಲ. ಅನುಭವವೇ ಕೃತಿಯ ಗುರಿಯಾದ ಪಕ್ಷದಲ್ಲಿ, ಆ ಅನುಭವವನ್ನು ಸಮಾನವಾಗಿಸಲು ಹಳ್ಳವನ್ನು ಬದಲಿಸಬೇಕಾಗುವುದು. ಇದೇ ಮಿಯಾಜಾಕಿ ಅವರ ೨೦೨೨ರ 'ಎಲ್ಡೆನ್ ರಿಂಗ್' ಆಟದಲ್ಲಿ ಕಾಠಿನ್ಯದ ಆಯ್ಕೆಯಿಲ್ಲವಾದರೂ, ಸೋತವನು ಬೇರೆ ದಿಕ್ಕಿಗೆ ತಿರುಗಿ ಬಲವನ್ನು ಕೂಡಿಸಿಕೊಂಡು ಬರುವಷ್ಟು ವಿಶಾಲವಾದ ಬಯಲೂ, ನೆರವಿಗೆ ಕರೆಯಬಹುದಾದ ಆತ್ಮಗಳೂ ಇವೆಯೆಂಬುದನ್ನು ಇಲ್ಲಿ ನೆನೆಯಬೇಕು.

ದೇಹದ ನ್ಯೂನತೆಯುಳ್ಳವರನ್ನು ಕುರಿತು ಯೋಚಿಸಿದರೆ ಈ ವಾದವು ಇನ್ನೂ ಗಂಭೀರವಾಗುವುದು. ೨೦೨೦ರಲ್ಲಿ ನಾಟಿ ಡಾಗ್ ಸಂಸ್ಥೆಯ 'ದಿ ಲಾಸ್ಟ್ ಆಫ್ ಅಸ್' ಎರಡನೆಯ ಭಾಗವು ೬೦ಕ್ಕೂ ಹೆಚ್ಚು ಬಗೆಯ ಸೌಕರ್ಯಗಳೊಡನೆ ಹೊರಟಿತು. ಶಬ್ದದ ಸಂಕೇತಗಳಿಂದಲೂ ಓದಿಹೇಳುವ ಧ್ವನಿಯಿಂದಲೂ ಕಣ್ಣಿಲ್ಲದವರೂ ಅದನ್ನು ಕೊನೆಯವರೆಗೆ ಆಡಬಲ್ಲವರಾದರು. ಕುರುಡನ ಆಟದಿಂದ ಕಣ್ಣುಳ್ಳವನ ಆಟಕ್ಕೆ ಯಾವ ಕುಂದು ಬಂದಿತು?

ಕಾವ್ಯವನ್ನು ಬೋಧಿಸುವ ನಮಗೆ ಇದು ಅಪರಿಚಿತವಾದ ನ್ಯಾಯವಲ್ಲ. ಪಂಪನ ಕಾವ್ಯದ ಪಕ್ಕದಲ್ಲಿ ಟೀಕೆಯನ್ನಿಟ್ಟು ಓದಿಸುತ್ತೇವೆ. ಟೀಕೆಯಿಂದ ಪಂಪನ ಒಂದಕ್ಷರವೂ ಅಲುಗುವುದಿಲ್ಲ. ಗಮಕಿಯ ವಾಚನದಿಂದಲೂ ವ್ಯಾಖ್ಯಾನದಿಂದಲೂ ಅಕ್ಷರವರಿಯದವರು ಕುಮಾರವ್ಯಾಸನನ್ನು ಸವಿದುದರಿಂದ ಪಂಡಿತರ ಪಾಲು ಕಡಿಮೆಯಾಗಲಿಲ್ಲ. ಟೀಕೆಯಲ್ಲಿಯೂ ಎರಡು ಬಗೆಯುಂಟೆಂಬುದು ನಿಜ: ಓದುಗನನ್ನು ಮೂಲದ ಕಡೆಗೆ ಕರೆದೊಯ್ಯುವುದೊಂದು, ಮೂಲವನ್ನು ಓದದೆಯೇ ಪರೀಕ್ಷೆಯನ್ನು ದಾಟಿಸುವುದೊಂದು. ಸೆಲೆಸ್ಟಿನ ಸಾವಿಲ್ಲದ ಆಯ್ಕೆಯು ಎರಡನೆಯ ಬಗೆಗೆ ಹತ್ತಿರವಾಗಿದೆ. ಅಪಾಯವೇ ಇಲ್ಲದ ಪರ್ವತದಲ್ಲಿ ಮ್ಯಾಡಲೀನಳ ಆತಂಕವು ಮಾತಿನಲ್ಲಿ ಉಳಿಯುವುದೇ ಹೊರತು ಕೈಗೆ ತಾಗುವುದಿಲ್ಲ. ಆದರೂ ಅದನ್ನು ತೆಗೆದುಹಾಕಬೇಕೆಂದು ನಾವು ಹೇಳೆವು. ಒಂದು ಚೌಕಟ್ಟಿನಲ್ಲಿ ಅದನ್ನು ಬಳಸಿದವನು ಮುಂದಿನ ಚೌಕಟ್ಟಿನಲ್ಲಿ ಬಿಡಬಹುದು. ಬಿಡದೆ ಹೋದರೂ ಅವನಿಗೆ ಕಥೆಯಷ್ಟಾದರೂ ದಕ್ಕುವುದು.

ಇದರಿಂದ ಸಿದ್ಧವಾಗುವುದಿಷ್ಟು. ಒಂದು ಆಟವು ಸುಗಮವಾಗಿದೆಯೋ ಇಲ್ಲವೋ ಎಂಬುದನ್ನು ಅದರ ಕಾಠಿನ್ಯದ ಪ್ರಮಾಣದಿಂದ ಅಳೆಯಲಾಗದು. ಅದರ ಕಾಠಿನ್ಯದಲ್ಲಿ ಯಾವುದು ಅರ್ಥಕ್ಕೆ ಬೇಕಾದದ್ದು, ಯಾವುದು ರೂಢಿಯಿಂದ ಉಳಿದದ್ದು ಎಂಬ ವಿವೇಕವು ಕರ್ತೃವಿಗಿರಬೇಕು. ಬೇಕಾದದ್ದನ್ನು ಮುಟ್ಟಲು ಬೇರೆ ಬೇರೆ ಶಕ್ತಿಯವರಿಗೆ ಬೇರೆ ಬೇರೆ ಮೆಟ್ಟಿಲುಗಳನ್ನು ಬಹಿರಂಗವಾಗಿ, ಅಪಮಾನವಿಲ್ಲದೆ ಇಟ್ಟಿರಬೇಕು. ಆಟಗಳ ಗುಣದೋಷಗಳನ್ನು ವಿಚಾರಿಸುವ ವಿಮರ್ಶಕನು ಇನ್ನು ಮುಂದೆ ಆ ಮೆಟ್ಟಿಲುಗಳನ್ನೂ ಕೃತಿಯ ಅಂಗವೆಂದೇ ಎಣಿಸಿ ಬೆಲೆಕಟ್ಟುವುದು ಯುಕ್ತವಾಗಿರುತ್ತದೆ.