ಅರ್ಧ ಚೀಲ ತಲಾಂತು

ನಮ್ಮ ಎಚ್‌ಆರ್ ದಿನಕ್ಕೆ ಹತ್ತು ಸಲ ‘ಟ್ಯಾಲೆಂಟ್’ ಅಂತಾರೆ. ಅದು ಮೂಲದಲ್ಲಿ ತೂಕದ ಹೆಸರು ಅಂತ ನನಗೆ ಗೊತ್ತಾದದ್ದು ಬೆಟಗೇರಿಯ ಗೆಳೆಯನ ಮನೆಯ ಕನ್ನಡ ಬೈಬಲ್‌ನಿಂದ. (ಬಾಸೆಲ್ ಮಿಷನ್ ಕಾಲದಿಂದ ಅಲ್ಲಿ ಕ್ರೈಸ್ತ ಮನೆತನಗಳಿವೆ.) ಮತ್ತಾಯನ 25ನೇ ಅಧ್ಯಾಯದಲ್ಲಿ ‘ತಲಾಂತು’ ಅಂತಿದೆ. ಗ್ರೀಕಿನ ‘ತಾಲಂತೋನ್’ ಅಂದ್ರೆ ಮೊದಲು ತಕ್ಕಡಿ, ಆಮೇಲೆ ಸುಮಾರು 26 ಕಿಲೋ ತೂಕ, ಆಮೇಲೆ ಅಷ್ಟು ತೂಕದ ಬೆಳ್ಳಿ. ಇಂಗ್ಲಿಷಿನಲ್ಲಿ ಇದೇ ಸಾಮ್ಯದಿಂದ ‘ಪ್ರತಿಭೆ’ ಅನ್ನೋ ಅರ್ಥ ಹುಟ್ಟಿತು. ನಮ್ಮ ಅನುವಾದಕರು ಪದವನ್ನು ಹಾಗೇ ಬಿಟ್ಟು ಆ ಗೊಂದಲ ತಪ್ಪಿಸಿದರು, ಅದು ಸರಿ. ಆದ್ರೆ ಭಾರ ಮಾತ್ರ ಕೈಗೆ ಹತ್ತೋದಿಲ್ಲ. ನಮ್ಮ ಕಡೆ ಲೆಕ್ಕದಲ್ಲಿ ಅರ್ಧ ಚೀಲ ಉಳ್ಳಾಗಡ್ಡಿಯಷ್ಟು ಬೆಳ್ಳಿ! 6000 ದ್ರಾಕ್ಮ, ದಿನಕ್ಕೊಂದು ನಾಣ್ಯ ಕೂಲಿ ಅಂದ್ರೆ ಇಪ್ಪತ್ತು ವರ್ಷದ ದುಡಿಮೆ.

ಇಷ್ಟು ತಿಳಿದ ಮೇಲೆ, ಅದನ್ನ ನೆಲದಲ್ಲಿ ಹೂತಿಟ್ಟ ಮೂರನೇ ಆಳು ನನಗೆ ಸೋಮಾರಿ ಅನಿಸಲಿಲ್ಲ. ಧಣಿ ಅವನದನ್ನೂ ಕಸಿದು ಹತ್ತಿದ್ದವನಿಗೆ ಕೊಡ್ತಾನೆ. ಮುಂಡರಗಿ ಕಡೆ ಒಣಬೇಸಾಯದ ನಮ್ಮಪ್ಪ ಮಳೆ ನಂಬಿ ಸಾಲ ಮಾಡಲಿಲ್ಲ, ಹೊಲ ಉಳಿಸಿಕೊಂಡ. ನನ್ನ ಬಿಇ ಆದದ್ದು ಆ ಹೊಲದಿಂದ. ಈ ಸಲ ಅಪ್ರೈಸಲ್‌ನಲ್ಲಿ ‘ರಿಸ್ಕ್ ತಗೊಳ್ಳಲ್ಲ’ ಅಂತ ನನ್ನ ರೇಟಿಂಗ್ ಇಳಿಸಿದರು.

ಫೋನಿನಾಗ ಅಪ್ಪಗ ಈ ಕತಿ ಹೇಳಿದೆ. ‘ಆ ಧಣಿ ಎಂದಾದ್ರೂ ಬಿತ್ಯಾನೇನು?’ ಅಂದ.

ಮೂರನೇ ಆಳೂ ಧಣಿ ಎದುರು ನಿಂತು ಹೆಚ್ಚುಕಡಿಮೆ ಅದನ್ನೇ ಅಂದಿದ್ದ.