ನೆಲ ನೋಡಿ, ಬೆಳಕು ನೋಡಿ: ಮನೆಯೊಳಗಿನ ಅಂದ ಸವಿಯಲು ಹೊಸಬರಿಗೊಂದು ಕೈಪಿಡಿ

ಗೃಹಪ್ರವೇಶದ ಊಟ ಮುಗಿಸಿ ಮನೆ ನೋಡಲು ಹೊರಟಾಗ ನಮ್ಮ ಕಣ್ಣು ಮೊದಲು ಹೋಗುವುದು ಟಿವಿ ಹಿಂದಿನ ಗೋಡೆಗೆ. ಆಮೇಲೆ ಫಾಲ್ಸ್ ಸೀಲಿಂಗಿನ ಅಂಚಿನಲ್ಲಿ ಉರಿಯುವ ಲೈಟಿಗೆ, ಕೊನೆಗೆ ಮಾಡ್ಯುಲರ್ ಕಿಚನ್ನಿನ ಮಿರಿಮಿರಿ ಬಾಗಿಲುಗಳಿಗೆ. ‘ಚೆನ್ನಾಗಿ ಮಾಡ್ಸಿದೀರಿ, ಇಂಟೀರಿಯರ್‌ಗೆ ಎಷ್ಟಾಯ್ತು?’ ಎಂದು ಕೇಳಿ, ತಾಂಬೂಲ ತೆಗೆದುಕೊಂಡು ಹೊರಡುತ್ತೇವೆ. ಹೀಗೆ ನೋಡಿದ ಮನೆ ನಾಳೆಗೆ ನೆನಪಿರುವುದಿಲ್ಲ, ಏಕೆಂದರೆ ನಾವು ನೋಡಿದ್ದು ಅದರ ಖರ್ಚನ್ನು ಮಾತ್ರ.

ಮನೆಯ ಒಳಗನ್ನು ಸವಿಯುವುದಕ್ಕೂ ಅಭ್ಯಾಸ ಬೇಕು. ಅದಕ್ಕೆ ವಾಸ್ತುಶಿಲ್ಪದ ಓದೇನೂ ಬೇಡ. ನಾನು ಯಾವ ಮನೆಗೆ ಹೋದರೂ ಒಂದು ಪ್ರಶ್ನೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತೇನೆ: ಇಲ್ಲಿರುವ ಈ ವಸ್ತು ಹತ್ತು ವರ್ಷ ಬಳಸಿದ ಮೇಲೆ ಮಾಗುತ್ತದೆಯೋ, ಬರೀ ಹಳತಾಗುತ್ತದೆಯೋ? ಇವತ್ತಿನ ಟ್ರೆಂಡುಗಳಲ್ಲಿ ಕೆಲವು ಮಾಗುವಂಥವು, ಹಲವು ಮಾಗದಂಥವು. ಫೋಟೋದಲ್ಲಿ ಎರಡೂ ಒಂದೇ ರೀತಿ ಕಾಣುವುದರಿಂದ ಎದುರು ನಿಂತೇ ನೋಡಬೇಕು.

ಚಪ್ಪಲಿ ಬಿಟ್ಟ ಜಾಗದಿಂದಲೇ ಶುರು ಮಾಡಿ. ನಾವು ಮನೆಯೊಳಗೆ ಬರಿಗಾಲಲ್ಲಿ ಓಡಾಡುವ ಜನ. ನೆಲದ ಮೇಲೆ ಕೂರುತ್ತೇವೆ, ಮಧ್ಯಾಹ್ನ ಅದರ ಮೇಲೇ ಒರಗುತ್ತೇವೆ, ಹಬ್ಬದ ದಿನ ಅಲ್ಲೇ ಎಲೆ ಹಾಕುತ್ತೇವೆ. ಗೋಡೆಯನ್ನು ಕಣ್ಣು ನೋಡಿದರೆ ನೆಲವನ್ನು ಇಡೀ ಮೈ ಬಲ್ಲದು. ಆದ್ದರಿಂದ ನಮ್ಮ ಮನೆಗಳಲ್ಲಿ ಅಂದದ ಮೊದಲ ಪಾಠ ನೆಲದ್ದು.

ಬೆಂಗಳೂರು, ಮೈಸೂರಿನ ಹೊಸ ಮನೆಗಳಲ್ಲಿ ರೆಡ್ ಆಕ್ಸೈಡ್ ನೆಲ ಮತ್ತೆ ಬಂದಿದೆ. ಈಚಿನ ಟ್ರೆಂಡುಗಳಲ್ಲಿ ನನಗೆ ಮನಸಾರೆ ಸಂತೋಷ ಕೊಟ್ಟದ್ದು ಇದು. ಅಜ್ಜಿಯರ ಕಾಲದಲ್ಲಿ ಮಧ್ಯಮ ವರ್ಗದ ಕೈಗೆಟುಕುವ ನೆಲ ಇದಾಗಿತ್ತು. ಈಗ ಕೆಲಸ ಬಲ್ಲ ಮೇಸ್ತ್ರಿಗಳೇ ವಿರಳವಾಗಿ, ಹುಡುಕಿಕೊಂಡು ಹೋಗಿ ಮಾಡಿಸಬೇಕಾದ ನೆಲವಾಗಿದೆ. ಅದನ್ನು ಮಾಡುವ ಬಗೆ ಗೊತ್ತಿದ್ದರೆ ನೋಡುವ ಸುಖ ಇಮ್ಮಡಿ. ಕಾಂಕ್ರೀಟಿನ ಮೇಲೆ ಸಿಮೆಂಟು ಮರಳಿನ ಗಾರೆ ಹಾಕುತ್ತಾರೆ. ಅದಿನ್ನೂ ಹಸಿಯಾಗಿರುವಾಗಲೇ, ಕಬ್ಬಿಣದ ಆಕ್ಸೈಡಿನ ಕೆಂಪು ಪುಡಿ ಬೆರೆಸಿದ ಸಿಮೆಂಟನ್ನು ತೆಳುವಾಗಿ ಹರಡುತ್ತಾರೆ. ಮೇಸ್ತ್ರಿ ಉಕ್ಕಿನ ಕರಣೆ ಹಿಡಿದು, ಹಿಂದೆ ಹಿಂದೆ ಸರಿಯುತ್ತ, ಒತ್ತಿ ಒತ್ತಿ ಉಜ್ಜುತ್ತಾರೆ. ನೆಲಕ್ಕೆ ಮೊದಲ ಹೊಳಪು ಬರುವುದು ಆ ಕೈಯ ಒತ್ತಡದಿಂದ. ಎಣ್ಣೆ, ಮೇಣ ಎಲ್ಲ ಆಮೇಲಿನ ಮಾತು. ಪುಡಿಯನ್ನು ಒಂದೇ ಸಲಕ್ಕೆ ಕಲಸಿಟ್ಟುಕೊಳ್ಳದಿದ್ದರೆ ಆ ಮೂಲೆಯ ಕೆಂಪೇ ಬೇರೆ, ಈ ಮೂಲೆಯ ಕೆಂಪೇ ಬೇರೆ ಆಗುತ್ತದೆ. ಒಂದು ಕೋಣೆಯ ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿ ಮರುದಿನ ಮುಂದುವರಿಸಿದರೆ ಕೂಡಿಸಿದ ಗೆರೆ ಜೀವಮಾನವಿಡೀ ಕಾಣುತ್ತದೆ. ಅದೆಲ್ಲ ಮುಗಿದ ಮೇಲೆ ದಿನಗಟ್ಟಲೆ ನೀರು ನಿಲ್ಲಿಸಿ ಕಾಯಬೇಕು.

ಈಗ ನೋಡುವುದು ಹೇಗೆ? ನಿಂತು ನೋಡಬೇಡಿ, ನೆಲದ ಮೇಲೆ ಕೂತುಬಿಡಿ. ಎದುರಿಗೊಂದು ಕಿಟಕಿ ಇರಲಿ. ಕಿಟಕಿಯ ಬೆಳಕು ನೆಲದಲ್ಲಿ ಬಿದ್ದ ಕಡೆ ಕಣ್ಣಿಟ್ಟರೆ ಸಣ್ಣ ಸಣ್ಣ ಅಲೆಗಳು ಕಾಣುತ್ತವೆ, ಕರಣೆ ಬಾಗಿ ತಿರುಗಿದ ಕಮಾನುಗಳು. ಅದು ಮೇಸ್ತ್ರಿಯ ಕೈಬರಹ. ನಂತರ ಅಂಚಿನ ಬಾರ್ಡರು ನೋಡಿ. ಹಳೆಯ ಮನೆಗಳಲ್ಲಿ ಕೆಂಪಿನ ಸುತ್ತ ಕಪ್ಪೋ ಹಸಿರೋ ಪಟ್ಟಿ ಇರುತ್ತಿತ್ತು. ಆ ಎರಡು ಬಣ್ಣ ಸೇರುವ ಗೆರೆ ಎಷ್ಟು ನೇರವಾಗಿದೆ, ಮೂಲೆಯಲ್ಲಿ ಹೇಗೆ ತಿರುಗಿದೆ ಎನ್ನುವುದರಲ್ಲೇ ಕೆಲಸಗಾರನ ಹದ ತಿಳಿಯುತ್ತದೆ. ಕೂದಲೆಳೆಯಂಥ ಬಿರುಕು ಕಂಡರೆ ಮೂಗು ಮುರಿಯಬೇಡಿ. ಸಿಮೆಂಟು ಒಣಗುವಾಗ ಕುಗ್ಗುತ್ತದೆ, ಬಿರುಕು ಅದರ ಸ್ವಭಾವ. ಅದಕ್ಕಾಗಿಯೇ ಬಲ್ಲ ಮೇಸ್ತ್ರಿ ದೊಡ್ಡ ಹಜಾರವನ್ನು ಚೌಕಗಳಾಗಿ ಭಾಗ ಮಾಡಿರುತ್ತಾನೆ. ಬೆರಳಿನ ಗೆಣ್ಣಿನಿಂದ ತಟ್ಟಿದಾಗ ಎಲ್ಲಾದರೂ ಟೊಳ್ಳು ಸದ್ದು ಬಂದರೆ ಮಾತ್ರ ಅದು ದೋಷ. ಮೇಲಿನ ಪದರ ಕೆಳಗಿನದನ್ನು ಬಿಟ್ಟಿದೆ ಎಂದರ್ಥ. ನಿಂಬೆರಸವೋ ಹುಣಸೆಹುಳಿಯೋ ಚೆಲ್ಲಿದರೆ ಕಲೆ ಉಳಿಯುತ್ತದೆ, ಸಿಮೆಂಟಿಗೂ ಹುಳಿಗೂ ಆಗಿಬರುವುದಿಲ್ಲ. ಇಷ್ಟೆಲ್ಲ ಇದ್ದೂ ಒರೆಸಿದಷ್ಟೂ, ಓಡಾಡಿದಷ್ಟೂ ಹೊಳಪು ಏರುವ ನೆಲ ಇದು. ಮಾಗುವುದೆಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಮೂವತ್ತು ವರ್ಷ ಹಳೆಯ ರೆಡ್ ಆಕ್ಸೈಡ್ ನೆಲವನ್ನು ತೋರಿಸುತ್ತೇನೆ.

ತಮಿಳುನಾಡಿನ ಚೆಟ್ಟಿನಾಡಿನಿಂದ ಬರುವ ಆತಂಗುಡಿ ಟೈಲ್ಸ್ ಕೂಡ ಇದೇ ಬಳಗದ್ದು. ಗಾಜಿನ ಹಾಳೆಯ ಮೇಲೆ ಅಚ್ಚಿಟ್ಟು, ಬಣ್ಣ ಸುರಿದು, ಹಿಂದಿನಿಂದ ಸಿಮೆಂಟು ಮರಳು ತುಂಬಿ ಮಾಡುತ್ತಾರೆ. ಗೂಡಿನಲ್ಲಿ ಸುಡುವುದಿಲ್ಲ. ಮೇಲ್ಮೈಯ ನುಣುಪು ಗಾಜಿನಿಂದ ಬಂದದ್ದು. ಕೈಯಿಂದ ಸುರಿದ ಬಣ್ಣವಾದ್ದರಿಂದ ಒಂದರಂತೆ ಇನ್ನೊಂದು ಇರುವುದಿಲ್ಲ. ಅದೇ ವಿನ್ಯಾಸ ಮುದ್ರಿಸಿದ ಕಾರ್ಖಾನೆಯ ಟೈಲ್ಸ್ ಈಗ ಅಗ್ಗಕ್ಕೆ ಸಿಗುತ್ತದೆ. ಕಂಡುಹಿಡಿಯುವುದು ಸುಲಭ: ಒಂದು ಟೈಲ್‌ನಲ್ಲಿ ಬಣ್ಣ ತುಸು ಚದುರಿದ ಜಾಗ ಗುರುತಿಸಿ, ಅದೇ ಚದುರು ನಾಲ್ಕು ಟೈಲ್ ಆಚೆ ಮತ್ತೆ ಸಿಕ್ಕರೆ ಅದು ಮುದ್ರಣ.

ವಿಟ್ರಿಫೈಡ್ ಟೈಲ್ಸನ್ನು ನಾನು ಹಳಿಯುವುದಿಲ್ಲ. ಶೇ. 0.5ಕ್ಕಿಂತ ಹೆಚ್ಚು ನೀರು ಹೀರದ ವಸ್ತು ಅದು. ಬಚ್ಚಲಿಗೆ, ಪಾತ್ರೆ ತೊಳೆಯುವ ಜಾಗಕ್ಕೆ ಅದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ನನ್ನ ತಕರಾರು ಅದು ಇಟಲಿಯ ಅಮೃತಶಿಲೆಯ ವೇಷ ಹಾಕುವುದರ ಬಗ್ಗೆ. ಬಿಳಿಯ ಮೇಲೆ ಬೂದು ನರಗಳು, ಆ ನರ ಮುಂದಿನ ಟೈಲ್‌ನ ಅಂಚಿನಲ್ಲಿ ಕಡಿದುಹೋಗುತ್ತದೆ. ತಾನು ತಾನಾಗಿಯೇ ಇರುವ ಸಾದಾ ಬೂದು ಟೈಲ್ ಇದಕ್ಕಿಂತ ಎಷ್ಟೋ ಅಂದ.

ನೆಲ ಆಯಿತು, ಇನ್ನು ಬೆಳಕು. ಸಂಜೆ ಲೈಟು ಹಾಕಿದ ಮೇಲೆ ಒಂದು ಚಿಕ್ಕ ಪರೀಕ್ಷೆ ಮಾಡಿ. ಅರಿಶಿನ ಕುಂಕುಮದ ಬಟ್ಟಲನ್ನು ಹಜಾರದ ಮೇಜಿನ ಮೇಲಿಡಿ. ಕುಂಕುಮ ಕುಂಕುಮವಾಗಿ ಕಾಣುತ್ತದೆಯೇ, ಇಟ್ಟಿಗೆ ಪುಡಿಯಂತೆ ಮಂಕಾಗಿದೆಯೇ? ಎಲ್‌ಇಡಿ ಬಲ್ಬಿನ ಪೆಟ್ಟಿಗೆಯ ಮೇಲೆ ಎಷ್ಟು ವ್ಯಾಟ್, ಎಷ್ಟು ಕೆಲ್ವಿನ್ ಎಂದು ಬರೆದಿರುತ್ತದೆ. 3000 ಕೆಲ್ವಿನ್ ಆಸುಪಾಸಿನದು ದೀಪದ ಹಳದಿಗೆ ಹತ್ತಿರ, 6500 ಎಂದರೆ ಹಗಲಿನ ನೀಲಿ ಬಿಳುಪು. ಹೆಚ್ಚಿನವರು ಇಷ್ಟಕ್ಕೇ ನಿಲ್ಲುತ್ತಾರೆ. ಸಿಆರ್‌ಐ ಎಂಬ ಇನ್ನೊಂದು ಅಂಕಿಯಿದೆ. ವಸ್ತುಗಳ ನಿಜ ಬಣ್ಣವನ್ನು ಬೆಳಕು ಎಷ್ಟರ ಮಟ್ಟಿಗೆ ತೋರಿಸುತ್ತದೆ ಎಂಬುದರ ಅಳತೆ ಅದು. 80 ಇದ್ದರೆ ನಡೆಯುತ್ತದೆ, 90 ದಾಟಿದರೆ ಸೊಗಸು. ಆದರೆ ಆ ಅಂಕಿಯನ್ನು ಎಂಟು ಮೆಲುಬಣ್ಣಗಳ ಸರಾಸರಿಯಿಂದ ತೆಗೆಯುತ್ತಾರೆ. ಗಾಢ ಕೆಂಪನ್ನು ಅಳೆಯುವ ಆರ್-9 ಆ ಲೆಕ್ಕದಲ್ಲಿ ಸೇರುವುದೇ ಇಲ್ಲ. ನಮ್ಮ ಮನೆಗಳಲ್ಲೋ ಕೆಂಪೇ ಮುಖ್ಯ: ಕುಂಕುಮ, ಕೆಂಪು ನೆಲ, ಇಳಕಲ್ ಸೀರೆಯ ಸೆರಗು, ಉಪ್ಪಿನಕಾಯಿ ಜಾಡಿ. ಲಕ್ಷಗಟ್ಟಲೆ ಸುರಿದು ಮಾಡಿಸಿದ ಹಜಾರದಲ್ಲಿ ಸಾಧಾರಣ ಸ್ಟ್ರಿಪ್ ಲೈಟು ಅಂಟಿಸಿ ಇಷ್ಟನ್ನೂ ಮಂಕು ಮಾಡಿಕೊಳ್ಳುವುದು ನನಗೆ ನಿಜಕ್ಕೂ ನೋವಿನ ವಿಷಯ.

ಫಾಲ್ಸ್ ಸೀಲಿಂಗ್ ಬಗ್ಗೆ ನನ್ನ ಅಭಿಪ್ರಾಯ ಖಚಿತ. ವಾಸದ ಕೋಣೆಯ ಎತ್ತರ ಕನಿಷ್ಠ 2.75 ಮೀಟರ್, ಅಂದರೆ ಸುಮಾರು ಒಂಬತ್ತು ಅಡಿ ಇರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಅದಕ್ಕಿಂತ ತುಸುವೇ ಹೆಚ್ಚು ಎತ್ತರದ ಫ್ಲಾಟಿನಲ್ಲಿ ಜಿಪ್ಸಂ ಹಲಗೆ ಇಳಿಸಿ ಅರ್ಧ ಅಡಿ ಕಳೆದುಕೊಳ್ಳುವುದೆಂದರೆ, ದುಡ್ಡು ಕೊಟ್ಟು ಕೊಂಡ ಗಾಳಿಯನ್ನು ನಾವೇ ಮುಚ್ಚಿದಂತೆ. ಎಸಿ ಪೈಪು, ವೈರು ಮರೆಮಾಡಬೇಕಾದ ಕಡೆ ಮಾತ್ರ ಹಾಕಿಸಿದ್ದರೆ ಆ ಮನೆಯವರ ಸಂಯಮವನ್ನು ಮೆಚ್ಚಿ.

‘ಜಪಾಂಡಿ’ ಎಂಬ ಶೈಲಿ ಈಗ ಎಲ್ಲೆಡೆ ಕೇಳಿಬರುತ್ತಿದೆ. ಜಪಾನು ಮತ್ತು ಸ್ಕ್ಯಾಂಡಿನೇವಿಯಾದ ಬೆರಕೆ. ತಿಳಿಮರ, ಬೀಜ್ ಬಣ್ಣ, ತಗ್ಗಿನ ಸೋಫಾ, ಖಾಲಿ ಗೋಡೆ. ಸಾಮಾನು ಕಡಿಮೆ ಮಾಡಿ ಎನ್ನುವ ಅದರ ಮಾತು ಒಳ್ಳೆಯದೇ. ಆದರೆ ಜಪಾನಿನ ಮನೆಯ ಜೀವ ಬೀಜ್ ಬಣ್ಣದಲ್ಲಿಲ್ಲ, ನೆರಳಿನಲ್ಲಿದೆ. ಜಪಾನಿ ಲೇಖಕ ಜುನ್‌ಇಚಿರೊ ತಾನಿಜಾಕಿ 1933ರಲ್ಲಿ ಆ ನೆರಳನ್ನೇ ಕೊಂಡಾಡಿ ಒಂದು ಪ್ರಬಂಧ ಬರೆದರು. ವಿದ್ಯುತ್ ದೀಪ ಬಂದು ತಮ್ಮ ಮನೆಗಳ ಮಬ್ಬು ಹೋಯಿತಲ್ಲ ಎಂಬ ಸಂಕಟ ಅದರಲ್ಲಿದೆ. ಆ ಸಂಕಟವನ್ನು ಮಲೆನಾಡಿನ ಚೌಕಿ ಮನೆಯಲ್ಲಿ ಒಂದು ಮಧ್ಯಾಹ್ನ ಕಳೆದ ಯಾರು ಬೇಕಾದರೂ ಅರ್ಥ ಮಾಡಿಕೊಳ್ಳಬಲ್ಲರು. ನಡುವಿನ ಅಂಗಳದಲ್ಲಿ ಬಿಸಿಲು ಸುರಿಯುತ್ತಿರುತ್ತದೆ, ಸುತ್ತಲ ಜಗಲಿಯಲ್ಲಿ ಅರೆಬೆಳಕು, ಒಳಕೋಣೆಯಲ್ಲಿ ತಂಪು ಕತ್ತಲೆ. ಹಂಚಿನ ನಡುವೆ ಸೇರಿಸಿದ ಒಂದು ಗಾಜಿನ ಹಂಚಿನಿಂದ ಬಿಸಿಲಕೋಲು ಇಳಿದು ಗಂಟೆಗೊಂದಿಷ್ಟು ಸರಿಯುತ್ತದೆ. ಉತ್ತರ ಕರ್ನಾಟಕದ ಮಾಳಿಗೆ ಮನೆಗಳಲ್ಲಿ ಬೆಳಕಿಂಡಿ ಮಾಡುವುದೂ ಇದೇ ಕೆಲಸವನ್ನು. ಜಪಾಂಡಿ ಮನೆಗೆ ಹೋದಾಗ ಅಲ್ಲಿ ನೆರಳಿಗೆ ಜಾಗ ಬಿಟ್ಟಿದ್ದಾರೆಯೇ ನೋಡಿ. ಎಲ್ಲ ಮೂಲೆಗೂ ಲೈಟು ಇಟ್ಟಿದ್ದರೆ ಬಂದಿರುವುದು ಬಣ್ಣದ ಕಾರ್ಡು ಮಾತ್ರ.

ಗೋಡೆಗೆ ಬರೋಣ. ಉದ್ದುದ್ದ ಗೀರಿನ ಫ್ಲೂಟೆಡ್ ಪ್ಯಾನೆಲ್ ಈಗ ಪ್ರತಿ ಟಿವಿಯ ಹಿಂದೆ ಇದೆ. ಬೆಂಗಳೂರಿನ ಧೂಳು ಆ ಗೀರುಗಳಲ್ಲಿ ಕೂರುತ್ತದೆ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆಯದಾದರೆ ಕರಾವಳಿಯ ಮಳೆಗಾಲಕ್ಕೆ ಅಂಚು ಉಬ್ಬುತ್ತದೆ. ಬಣ್ಣದ ಟ್ರೆಂಡಿನ ಮಾತೂ ಇಷ್ಟೇ. ಬಣ್ಣಗಳ ಮಾನದಂಡ ರೂಪಿಸುವ ಪ್ಯಾಂಟೋನ್ ಸಂಸ್ಥೆ 2024ಕ್ಕೆ ಪೀಚ್ ಫಜ್, 2025ಕ್ಕೆ ಮೋಕಾ ಮೂಸ್ ಎಂದು ವರ್ಷದ ಬಣ್ಣ ಸಾರಿತು. ವರ್ಷಕ್ಕೊಂದು ಬಣ್ಣ ಬರುವಾಗ, ಬದಲಿಸಲು ಸುಲಭವಾದ ಕಡೆ ಅದು ಸೇರಲಿ: ದಿಂಬಿನ ಕವರು, ಪರದೆ, ಹೆಚ್ಚೆಂದರೆ ಒಂದು ಗೋಡೆಯ ಪೇಂಟು. ಇಪ್ಪತ್ತು ವರ್ಷದ ಸಾಲ ತೀರುವ ತನಕ ಇರಬೇಕಾದ ನೆಲಕ್ಕೆ, ಕಲ್ಲಿಗೆ ಅದು ಬೇಡ.

ಹಸೆ ಚಿತ್ತಾರ ಸ್ಟಿಕರ್ ಆಗಿ, ವಾಲ್‌ಪೇಪರ್ ಆಗಿ ನಗರದ ಹಜಾರಗಳಿಗೆ ಬಂದಿದೆ. ಇದು ಮಲೆನಾಡಿನ ದೀವರ ಹೆಣ್ಣುಮಕ್ಕಳು ಮದುವೆಗೆಂದು ಗೋಡೆಯ ಮೇಲೆ ಬರೆಯುವ ಚಿತ್ತಾರ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಅರೆದ ಬಿಳುಪು, ಪುಂಡಿ ನಾರಿನ ಕುಂಚ. ಹತ್ತಿರ ಹೋಗಿ ಒಂದೇ ಗೆರೆಯನ್ನು ಹಿಂಬಾಲಿಸಿ ನೋಡಿ. ಕುಂಚದಲ್ಲಿ ಹಿಟ್ಟು ತುಂಬಿದ್ದಾಗ ದಪ್ಪಗಿದ್ದ ಗೆರೆ ಮುಂದೆ ಹೋದಂತೆ ತೆಳುವಾಗಿ, ಮತ್ತೆ ಅದ್ದಿದ ಕಡೆ ಮೈ ತುಂಬಿಕೊಳ್ಳುತ್ತದೆ. ಸ್ಟಿಕರಿನಲ್ಲಿ ಈ ಉಸಿರಾಟ ಇರುವುದಿಲ್ಲ. ಬರೆಯುವವರನ್ನು ಕರೆಸಿ, ಮಜೂರಿ ಕೊಟ್ಟು ಒಂದು ಗೋಡೆ ಬರೆಸಿದ ಮನೆ ಕಂಡರೆ ಬರೆದವರ ಹೆಸರು ಕೇಳಿ ತಿಳಿದುಕೊಳ್ಳಿ.

ಹಾಸು ಹೊದಿಕೆಗಳಲ್ಲಿ ನವಲಗುಂದದ ಜಮಖಾನೆ ಎಲ್ಲಾದರೂ ಸಿಕ್ಕರೆ ಅದರ ಮೂಲೆ ಎತ್ತಿ ಹಿಂಬದಿಯ ನೇಯ್ಗೆಯನ್ನೂ ನೋಡಿ. ಹೆಣ್ಣುಮಕ್ಕಳು ನೆಟ್ಟಗೆ ನಿಲ್ಲಿಸಿದ ಮಗ್ಗದಲ್ಲಿ ನೇಯುವ ಈ ಜಮಖಾನೆಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಇದೆ. ನೇಯುವ ಕೈಗಳು ಮಾತ್ರ ಕಡಿಮೆಯಾಗುತ್ತಿವೆ.

ಒಂದು ಟ್ರೆಂಡಿನ ಬಗ್ಗೆ ನನಗೆ ಇಬ್ಬಂದಿ. ಕೆಡವಿದ ಹಳೆ ಮನೆಗಳ ಕಂಬ, ಬಾಗಿಲವಾಡ ತಂದು ಫ್ಲಾಟಿನೊಳಗೆ ನಿಲ್ಲಿಸುವುದು. ಮರ ಉರುವಲಾಗದೆ ಉಳಿಯಿತಲ್ಲ ಎಂಬ ಸಮಾಧಾನ ಒಂದು ಕಡೆ. ಒಳ್ಳೆಯ ಬೆಲೆ ಸಿಗುತ್ತದೆಂದೇ ಗಟ್ಟಿಯಾಗಿರುವ ಮನೆಗಳನ್ನೂ ಬಿಚ್ಚುತ್ತಾರಲ್ಲ ಎಂಬ ಕಳವಳ ಇನ್ನೊಂದು ಕಡೆ. ಈ ಕೆಲಸವನ್ನು ಸರಿಯಾಗಿ ಮಾಡಿದವರು ಮಣಿಪಾಲದ ವಿಜಯನಾಥ ಶೆಣೈ. ಕೆಡವಲಿದ್ದ ಮನೆಗಳನ್ನು ಬಿಡಿಬಿಡಿಯಾಗಿ ಬಿಚ್ಚಿಸಿ, ತಂದು, ಇದ್ದಂತೆಯೇ ಜೋಡಿಸಿದರು. ಅವರ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಕುಂಜೂರಿನ ಚೌಕಿ ಮನೆಯೂ ಇದೆ, ಮುಧೋಳ ಅರಮನೆಯ ದರ್ಬಾರ್ ಹಾಲೂ ಇದೆ. ಹೊಸಬರು ಫರ್ನಿಚರ್ ಅಂಗಡಿಗೆ ಹೋಗುವ ಮೊದಲು ಒಮ್ಮೆ ಅಲ್ಲಿಗೆ ಹೋಗಿ ಬರಲಿ. ಕಂಬ ಭಾರ ಹೊತ್ತು ನಿಂತಾಗ ಹೇಗೆ ಕಾಣುತ್ತದೆ, ಅದರ ಬುಡದಲ್ಲಿ ಕೂತರೆ ಬೆನ್ನಿಗೆ ಹೇಗಿರುತ್ತದೆ ಎಂದು ಗೊತ್ತಾದ ಮೇಲೆ ಬೇಕೋ ಬೇಡವೋ ನಿರ್ಧರಿಸಬಹುದು.

ಅಡುಗೆಮನೆಯನ್ನು ಒಗ್ಗರಣೆ ಹಾಕುವ ಹೊತ್ತಿನಲ್ಲಿ ನೋಡಬೇಕು. ಗೋಡೆಯಿಲ್ಲದ ಓಪನ್ ಕಿಚನ್ ಅಡುಗೆ ಮಾಡುವವರನ್ನು ಮನೆಯ ಮಾತುಕತೆಯೊಳಗೆ ತಂದಿತು, ಆ ಒಂದು ಕಾರಣಕ್ಕೆ ನಾನು ಅದರ ಪರ. ಬ್ಯಾಡಗಿ ಮೆಣಸಿನಕಾಯಿಯ ಘಾಟು ಸೋಫಾಕ್ಕೆ ಹತ್ತದಂತೆ ಎದುರು ಬದುರು ಕಿಟಕಿ ಇದೆಯೇ ನೋಡಿ. ಬಾಗಿಲಿನ ಬಣ್ಣ ಹೊಗಳುವ ಮೊದಲು ಸಿಂಕಿನ ಕೆಳಗಿನ ಬಾಗಿಲು ತೆಗೆದು ಪ್ಲೈವುಡ್ಡಿನ ಅಂಚು ಮುಟ್ಟಿ. ಅಲ್ಲಿ ಐಎಸ್ 710 ದರ್ಜೆಯ, ನೀರು ತಡೆಯುವ ಪ್ಲೈ ಹಾಕಿಸಿದ್ದರೆ ಯಾರೋ ಕಾಳಜಿಯಿಂದ ಯೋಚಿಸಿದ್ದಾರೆ. ಕೊನೆಗೆ ಕಟ್ಟೆಯ ಎತ್ತರ. ಕ್ಯಾಟಲಾಗಿನ ಕಟ್ಟೆ ಹೆಚ್ಚಾಗಿ ಮೂರಡಿಯ ಹತ್ತಿರ ಇರುತ್ತದೆ. ಐದಡಿ ಎತ್ತರದವರು ಅದರ ಮೇಲಿಟ್ಟ ಒಲೆಯಲ್ಲಿ ಸಾರು ಕಲಕಬೇಕಾದರೆ ಭುಜ ಎತ್ತಿಯೇ ನಿಲ್ಲಬೇಕು. ಮೊಣಕೈಗಿಂತ ನಾಲ್ಕು ಬೆರಳು ಕೆಳಗಿದ್ದರೆ ಹದ. ಆ ಮನೆಯಲ್ಲಿ ದಿನವೂ ಅಡುಗೆ ಮಾಡುವವರು ಯಾರೋ ಅವರನ್ನು ಕಟ್ಟೆಯ ಮುಂದೆ ನಿಲ್ಲಿಸಿ, ಅಳತೆ ತೆಗೆಯುವಾಗ ನಿಮ್ಮನ್ನು ಕೇಳಿದ್ದರಾ ಎಂದು ವಿಚಾರಿಸಿ.