ಮೊದಲ ಹಿಮದ ಮೋಹ

ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಮೊದಲ ಹಿಮ ಬಿದ್ದ ವಿಡಿಯೊ ವಾಟ್ಸ್ಆ್ಯಪ್‌ಗೆ ಬಂದರೆ ಸಾಕು, ಬೆಂಗಳೂರಿನ ಸ್ಕೀ ಗೆಳೆಯರು ವಿಮಾನದ ದರ ನೋಡತೊಡಗುತ್ತಾರೆ. ‘ಇನ್ನೂ ಮೊಣಕಾಲುದ್ದವೂ ಬಿದ್ದಿಲ್ಲ, ಇಷ್ಟರಲ್ಲಿ ಎಂಥ ಹಿಮಕುಸಿತ?’ ಎಂಬುದು ಅವರ ವಾದ. ಹಿಮ ಕಡಿಮೆಯಿದ್ದರೆ ಅಪಾಯವೂ ಕಡಿಮೆ ಎಂಬ ಈ ಲೆಕ್ಕ ಬೆಟ್ಟದಲ್ಲಿ ನಡೆಯುವುದಿಲ್ಲ.

ಹಿಮದ ಅಡಿಯ ನೆಲ ಹೆಚ್ಚುಕಡಿಮೆ 0 ಡಿಗ್ರಿಯಲ್ಲಿರುತ್ತದೆ. ಮೋಡವಿಲ್ಲದ ರಾತ್ರಿಯಲ್ಲಿ ಮೇಲ್ಮೈ ಮಾತ್ರ ಮೈನಸ್ 10, 15ಕ್ಕೆ ಇಳಿಯುತ್ತದೆ. ಎರಡು ಮೀಟರ್ ದಪ್ಪದ ಹಿಮ ಈ ಅಂತರವನ್ನು ತಾಳಿಕೊಳ್ಳುತ್ತದೆ. ತೆಳು ಹಿಮಕ್ಕೆ ಅದು ಆಗದು. 10 ಸೆಂಟಿಮೀಟರಿಗೆ 1 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಕೆಳಗಿನ ಆವಿ ಮೇಲೇರುತ್ತ ಕಣಗಳ ಆಕಾರವನ್ನೇ ಬದಲಿಸುತ್ತದೆ. ಆ ಹಿಮ ಉಂಡೆ ಕಟ್ಟುವುದಿಲ್ಲ; ದಪ್ಪ ಸಕ್ಕರೆಯಂತೆ ಬೆರಳ ಸಂದಿಯಿಂದ ಸುರಿದುಹೋಗುತ್ತದೆ. ಮುಂದಿನ ಹಿಮ ಕೂರುವುದು ಇದರ ಮೇಲೆ. ಗಾಳಿ ಅದನ್ನು ಬಿಗಿದು ಹಲಗೆ ಮಾಡುತ್ತದೆ. ಆ ಹಲಗೆ ಕಳಚಲು ಒಬ್ಬ ಸ್ಕೀಗಾರನ ಭಾರವೇ ಸಾಕಾಗಬಹುದು.

ಬಿಸಿಲು ಬೀಳುವ ದಕ್ಷಿಣದ ಇಳಿಜಾರಿನಲ್ಲಿ ನವೆಂಬರಿನ ಹಿಮ ಕರಗಿಹೋಗುತ್ತದೆ. ಉತ್ತರದ ನೆರಳಿನಲ್ಲಿ ಅದು ಉಳಿಯುತ್ತದೆ, ಉಳಿದು ಸಡಿಲಾಗುತ್ತದೆ. ಸ್ಕೀ ಓಡುವಷ್ಟು ಹಿಮ ಡಿಸೆಂಬರಿನಲ್ಲಿ ಸಿಗುವುದೂ ಅಂಥ ನೆರಳಿನ ಕೊರಕಲುಗಳಲ್ಲಿ, ಗಾಳಿ ಹಿಮವನ್ನು ತಂದು ಸುರಿಯುವ ಏಣುಗಳ ಮರೆಯಲ್ಲಿ. ಆಸೆ ಎಳೆಯುವ ಜಾಗ, ಹಿಮ ಜಾರುವ ಜಾಗ ಎರಡೂ ಒಂದೇ.

ಗುಲ್ಮಾರ್ಗ್‌ನ ಅಫರ್ವತ್ ಬೆಟ್ಟದಲ್ಲಿ ಈ ಮೋಹಕ್ಕೆ ಬೆವರಿನ ಖರ್ಚೂ ಇಲ್ಲ. ಗೊಂಡೊಲಾ ಎಂಬ ಕೇಬಲ್ ಕಾರ್ ಸುಮಾರು 3,950 ಮೀಟರ್ ಎತ್ತರಕ್ಕೆ ಒಯ್ದು ಇಳಿಸುತ್ತದೆ. ಸ್ಕೀ ಗಸ್ತಿನವರು ಕಾಯುವ ಗಡಿ ದಾಟಿದರೆ ಮುಂದೆಲ್ಲ ಕಾವಲಿಲ್ಲದ ಬೆಟ್ಟ. ಹಲಗೆ ಹಿಮ ಹೆಚ್ಚಾಗಿ ಕಳಚುವುದು 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ. ಸ್ಕೀಗಾರರು ಬಯಸುವ ಇಳಿಜಾರೂ ಅದೇ. ಕಾಲಡಿಯಲ್ಲಿ ‘ವುಂಫ್’ ಎಂದು ಹಿಮ ಕುಸಿದ ಸದ್ದಾದರೆ, ಸ್ಕೀ ತುದಿಯಿಂದ ಬಿರುಕು ಓಡಿದರೆ ಚರ್ಚೆ ಬೇಡ, ಹಿಂದಿರುಗಿ. ನಿಂತ ನೆಲ ಸಪಾಟಾಗಿದ್ದರೂ ಸಾಲದು, ಮೇಲಿನ ಇಳಿಜಾರಿನ ಹಿಮ ಕಳಚಿ ಬರಬಹುದು. ಅಫರ್ವತ್‌ನ ಬುಡದಲ್ಲಿರುವ ಖಿಲನ್‌ಮಾರ್ಗ್‌ನಲ್ಲಿ 2024ರ ಫೆಬ್ರುವರಿಯಲ್ಲಿ ರಷ್ಯಾದ ಸ್ಕೀಗಾರರೊಬ್ಬರು ಹಿಮಕುಸಿತಕ್ಕೆ ಬಲಿಯಾದರು.

ಹಿಮಕುಸಿತ ಎಂದರೆ ನಮಗೆ ನೆನಪಾಗುವುದು ಧಾರವಾಡ ಜಿಲ್ಲೆಯ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ. 2016ರಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಜೀವ ಹಿಡಿದಿದ್ದವರು, ಹೊರತೆಗೆದ ಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಅದು ಅಪರೂಪದಲ್ಲಿ ಅಪರೂಪ. ಹೂತುಹೋದ ಸ್ಕೀಗಾರನಿಗೆ ಸಿಗುವುದು ನಿಮಿಷಗಳು ಮಾತ್ರ. 10 ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಬದುಕುತ್ತಾರೆ. ಅರ್ಧ ಗಂಟೆ ದಾಟಿದರೆ ಮೂವರಲ್ಲಿ ಒಬ್ಬರು. ಹೊರಗಿನ ನೆರವು ಅಷ್ಟರಲ್ಲಿ ಬರುವುದು ಕಷ್ಟ. ಪ್ರತಿಯೊಬ್ಬರ ಬಳಿಯೂ ಹೂತವರ ಜಾಗ ಪತ್ತೆಹಚ್ಚುವ ಟ್ರಾನ್ಸೀವರ್, ಚುಚ್ಚಿ ನೋಡುವ ಪ್ರೋಬ್ ಕೋಲು, ಸಲಿಕೆ ಇರಬೇಕು. ಬಳಸಿ ಕೈ ಪಳಗಿರಬೇಕು. ಇಳಿಯುವುದು ಒಬ್ಬೊಬ್ಬರಾಗಿ, ಉಳಿದವರು ಸುರಕ್ಷಿತ ಜಾಗದಲ್ಲಿ ನಿಂತು ನೋಡುತ್ತಿರಬೇಕು.

ಹಿಮಕುಸಿತಕ್ಕೆ ಸಿಕ್ಕಿ ಸಾಯುವ ಸ್ಕೀಗಾರರಲ್ಲಿ ಹೆಚ್ಚಿನವರ ಮೇಲೆ ಬೀಳುವ ಹಿಮವನ್ನು ಕಳಚಿದವರು ಅವರೇ, ಇಲ್ಲವೇ ಜೊತೆಗಾರರು. ಅಂದರೆ ತಪ್ಪಿಸಿಕೊಳ್ಳುವುದೂ ಬಹುಮಟ್ಟಿಗೆ ನಮ್ಮ ಕೈಯಲ್ಲೇ ಇದೆ. ಡಿಸೆಂಬರಿನಲ್ಲಿ ಹೋಗುವವರು ಗುಲ್ಮಾರ್ಗ್ ಬಯಲಿನ ಸೌಮ್ಯ ಇಳಿಜಾರಿನಲ್ಲಿ ಕಾಲು ಪಳಗಿಸಲಿ, ಟ್ರಾನ್ಸೀವರ್ ಹೂತಿಟ್ಟು ಹುಡುಕುವ ಅಭ್ಯಾಸ ಮಾಡಲಿ. ಮೇಲಿನ ಬೆಟ್ಟ ಚಿಲ್ಲೈ ಕಲಾನ್ ಎಂಬ ಕಡುಚಳಿಯ ನಲವತ್ತು ದಿನ ಮುಗಿದ ಮೇಲಿರಲಿ. ಆಗಲೂ ಹಿಮದ ಅಡಿಯಲ್ಲಿ ಏನಿದೆ ಎಂದು ಸ್ಥಳೀಯ ಗೈಡ್‌ ಬಳಿ ಮೊದಲು ಕೇಳಿ. ಎಷ್ಟು ಬಿದ್ದಿದೆ ಎಂಬುದು ಆಮೇಲಿನ ಮಾತು.